ಹಳೇ ಸೈನ್ಯದ ಪಿಸ್ತೂಲು ಸಂಗ್ರಹ: ಮೊದಲನೆಯದು ಯಾವುದಿರಲಿ?

ಹೊಸನಳಿಗೆ:

ಎಲ್ಲರಿಗೂ ನಮಸ್ಕಾರ. ಆರೇಳು ತಿಂಗಳಿಂದ ನೀವು ಬರೆಯುವುದನ್ನು ಸುಮ್ನೆ ಓದುತ್ತಿದ್ದೆ. ಇವತ್ತು ಬಾಯಿ ಬಿಡುತ್ತಿದ್ದೇನೆ.

ಪರಿಚಯದವರೊಬ್ಬರ ಮನೆಯಲ್ಲಿ ಒಂದು ಚಕಮಕಿ ಪಿಸ್ತೂಲನ್ನು, ಅಂದರೆ ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವಂಥದ್ದನ್ನು, ಕೈಯಲ್ಲಿ ಹಿಡಿದು ನೋಡಿದೆ. ಹಿಡಿಯ ತುದಿಗೆ ದಪ್ಪ ಹಿತ್ತಾಳೆ ಟೋಪಿ. ಗುಂಡು ಖಾಲಿಯಾದ ಮೇಲೆ ಅದನ್ನೇ ತಿರುಗಿಸಿ ತಲೆಗೆ ಬಡಿಯುತ್ತಿದ್ದರಂತೆ. ಅವತ್ತಿನಿಂದ ನಿದ್ದೆ ಇಲ್ಲ ಅನ್ನಿ.

ಈಗ ಮಾರಾಟಕ್ಕಿರುವ ಎರಡು ಕಣ್ಣಿಗೆ ಬಿದ್ದಿವೆ, ಎರಡೂ ಒಬ್ಬರ ಬಳಿಯೇ ಇವೆ. ಒಂದು ಬ್ರಿಟಿಷ್ ನೌಕಾಪಡೆಯ ಚಕಮಕಿ ಪಿಸ್ತೂಲು. ಸುಮಾರು 12 ಇಂಚಿನ ನಳಿಗೆ, ಸೊಂಟಪಟ್ಟಿಗೆ ಸಿಕ್ಕಿಸುವ ಕೊಕ್ಕೆ, ಲಾಕಿನ (ಕಿಡಿ ಹೊಡೆಯುವ ಯಂತ್ರಭಾಗ) ಮೇಲೆ ಕಿರೀಟ, ಜಿ ಆರ್ ಅಕ್ಷರ ಮತ್ತು ಟವರ್ ಎಂಬ ಮುದ್ರೆ. ಕನ್ನಡಿಯಂತೆ ಹೊಳೆಯುತ್ತದೆ. 1805ರ ಟ್ರಫಾಲ್ಗರ್ ನೌಕಾ ಕದನದಲ್ಲಿ ಇದ್ದದ್ದು ಎನ್ನುತ್ತಾರೆ ಮಾರುವವರು. ಇನ್ನೊಂದು ಫ್ರೆಂಚ್ ರಿವಾಲ್ವರ್, 1873ರ ಮಾದರಿ. ಬೂದು ಬಣ್ಣ, ಅಲ್ಲಲ್ಲಿ ಕಲೆ, ಜೊತೆಗೆ ಒಣಗಿದ ಚರ್ಮದ ಚೀಲ. ನೋಡಲು ಏನೂ ಇಲ್ಲ.

ಮನಸ್ಸು ಪೂರ್ತಿ ಮೊದಲನೆಯದರ ಮೇಲಿದೆ. ಏನಂತೀರಿ? ಮತ್ತೆ, ಗಾಜಿನ ಪೆಟ್ಟಿಗೆ ಎಂಥದ್ದು ಮಾಡಿಸಲಿ?

ಕೇಪು-ಕುದುರೆ:

ಪಿಸ್ತೂಲೇ ಬಂದಿಲ್ಲ, ಆಗಲೇ ಗಾಜಿನ ಪೆಟ್ಟಿಗೆ! ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು. ಇರಲಿ, ನಾನೂ ಹಾಗೇ ಶುರು ಮಾಡಿದವನು.

ಎರಡು ಮಾತು. ಒಂದು, ನೀವಿರುವ ಕಡೆ ಕಾನೂನು ಏನೆನ್ನುತ್ತದೆ ಎಂದು ದುಡ್ಡು ಕೊಡುವ ಮೊದಲೇ ತಿಳಿದುಕೊಳ್ಳಿ. ಆಂಟಿಕ್ ಅನ್ನುವ ಗೆರೆಯನ್ನು ಒಂದೊಂದು ದೇಶ ಒಂದೊಂದು ಕಡೆ ಎಳೆದಿದೆ. ಅಮೆರಿಕದ ಕೇಂದ್ರ ಕಾನೂನಿಗೆ 1898 ಅಥವಾ ಅದಕ್ಕೂ ಮೊದಲು ತಯಾರಾಗಿರಬೇಕು. ಬ್ರಿಟನ್ನಿನಲ್ಲಿ ಯಾವ ತೋಟೆ ಹಾಕುವ ಬಂದೂಕು, ಅದನ್ನು ಬರೀ ಕುತೂಹಲದ ವಸ್ತುವಾಗಿ ಇಟ್ಟುಕೊಂಡಿದ್ದೀರಾ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಇನ್ನು ಕೆಲವು ಕಡೆ ಚಕಮಕಿ ಪಿಸ್ತೂಲಿಗೂ ಪರವಾನಗಿ ಬೇಕು. ಮಾರುವವರು "ಏನೂ ಬೇಕಾಗಿಲ್ಲ ಬಿಡಿ" ಅಂದರೆ ಅದು ಕಾನೂನಲ್ಲ, ವ್ಯಾಪಾರ. ಪರವಾನಗಿ ಕೊಡುವವರನ್ನೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಎರಡು, ಕಪಾಟಿನ ಒಂದು ಹಲಗೆಗೆ ಒಂದೇ ವಿಷಯ. ನಾನು ಮೊದಲ ವರ್ಷ ಏಳು ಪಿಸ್ತೂಲು ತಂದೆ. ಏಳೂ ಬೇರೆ ಬೇರೆ ದೇಶದವು, ಒಂದರ ಬಗ್ಗೆಯೂ ಅರ್ಧ ಗಂಟೆ ಮಾತಾಡುವಷ್ಟು ಗೊತ್ತಿರಲಿಲ್ಲ. ಆರನ್ನು ನಷ್ಟಕ್ಕೆ ಮಾರಿದೆ. ಏಳನೆಯದು ಫ್ರೆಂಚ್ ಅಶ್ವದಳದ ಚಕಮಕಿ ಪಿಸ್ತೂಲು, ಆನ್ 13 ಮಾದರಿ. ಫ್ರೆಂಚ್ ಕ್ರಾಂತಿಯ ಪಂಚಾಂಗದ 13ನೇ ವರ್ಷ, ಅಂದರೆ 1804–05. ಅದರ ಹಿಂದೆ ಬಿದ್ದೆ. ಅದಕ್ಕೂ ಹಿಂದೆ ಆನ್ 9, ಅದರ ಹಿಂದೆ 1777ರ ಹಿತ್ತಾಳೆ ಮೈಯ ವಿಚಿತ್ರ ಪಿಸ್ತೂಲು, ಅದರ ಹಿಂದೆ 1763ರದ್ದು. ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಿದಾಗಲೇ ಕಣ್ಣು ತೆರೆಯಿತು: ಎಲ್ಲಿ ಮರ ಕಡಿಮೆ ಮಾಡಿದರು, ಎಲ್ಲಿ ಹಿತ್ತಾಳೆ ಪಟ್ಟಿ ಬಂತು, ಯಾವ ಸ್ಕ್ರೂ ಜಾಗ ಬದಲಾಯಿತು. ಆಮೇಲೆ ಬೇರೆ ಯಾವುದೂ ಬೇಕು ಅನ್ನಿಸಲಿಲ್ಲ.

ಬತ್ತಿಕೋವಿ:

ಒಂದು ಹಲಗೆಗೆ ಒಂದೇ ವಿಷಯ ಎಂಬ ಮಾತಿಗೆ ನನ್ನ ತಕರಾರಿದೆ. ಮೊದಲ ವರ್ಷವೇ ಹಾಗೆ ಕಟ್ಟಿ ಹಾಕಿಕೊಂಡರೆ ಯಾವುದು ಇಷ್ಟ ಅಂತ ಗೊತ್ತಾಗುವುದು ಹೇಗೆ? ನಾಲ್ಕು ಕಡೆ ಮೂಗು ತೂರಿಸಲಿ ಬಿಡಿ.

ಕೇಪು-ಕುದುರೆ:

ಮೂಗು ತೂರಿಸಲಿ, ಪರ್ಸು ತೂರಿಸುವುದು ಬೇಡ. ನೋಡುವುದಕ್ಕೆ ದುಡ್ಡು ಬೇಕಿಲ್ಲ. ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ಆಯುಧಗಳ ಮ್ಯೂಸಿಯಂ ರಾಯಲ್ ಆರ್ಮರೀಸ್ ತನ್ನ ಸಂಗ್ರಹದ ಎಷ್ಟೋ ಪಿಸ್ತೂಲುಗಳ ಅಳತೆ, ಮುದ್ರೆ, ಫೋಟೋ ಎಲ್ಲವನ್ನೂ ಅಂತರ್ಜಾಲದಲ್ಲಿ ತೆರೆದಿಟ್ಟಿದೆ. ನಾಲ್ಕು ತಿಂಗಳು ಅದರಲ್ಲೇ ಕಳೆಯಬಹುದು.

ಗಜಕೋಲು:

ಹೊಸನಳಿಗೆಯವರೇ, ಆ ಹೊಳೆಯುವ ಪಿಸ್ತೂಲಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಟವರ್ ಎಂದು ಬರೆದಿದ್ದರೆ ಲಂಡನ್ ಟವರ್‌ನಲ್ಲೇ ತಯಾರಾಯಿತು ಅಂತಲ್ಲ. ನಳಿಗೆ ಒಬ್ಬರು, ಲಾಕ್ ಒಬ್ಬರು, ಹಿತ್ತಾಳೆ ಇನ್ನೊಬ್ಬರು ಗುತ್ತಿಗೆಯ ಮೇಲೆ ಮಾಡಿಕೊಡುತ್ತಿದ್ದರು. ಅದರಲ್ಲಿ ಬರ್ಮಿಂಗ್‌ಹ್ಯಾಮ್‌ನವರು ಬಹಳ. ಎಲ್ಲ ಸರ್ಕಾರಿ ತಪಾಸಣೆ ದಾಟಿ ಜೋಡಣೆಯಾಗುತ್ತಿತ್ತು. ಜಿ ಆರ್ ಎಂದರೆ ಜಾರ್ಜ್ ದೊರೆ, ಸರಿ. ಆದರೆ ಯಾವ ಜಾರ್ಜ್? 1714ರಿಂದ 1830ರವರೆಗೆ ಸಾಲಾಗಿ ನಾಲ್ಕು ಜನ ಜಾರ್ಜ್ ಆಳಿದರು. ಹಾಗಾಗಿ ಆ ಎರಡಕ್ಷರ ಇಟ್ಟುಕೊಂಡು 1805ರ ಟ್ರಫಾಲ್ಗರ್‌ಗೆ ಹೋಗಿ ನಿಲ್ಲಲು ಆಗುವುದಿಲ್ಲ.

ಲಾಕಿನ ಮೇಲೆ, ಕಿಡಿ ಬೀಳುವ ಮದ್ದಿನ ಬಟ್ಟಲಿನ ಕೆಳಗೆ ನೋಡಿ. ಚಿಕ್ಕ ಕಿರೀಟ, ಅದರ ಕೆಳಗೆ ಬಾಣದ ಗುರುತು ಇರಬೇಕು. ಅದು ಸರ್ಕಾರದ ಸ್ವತ್ತು ಎಂಬ ಮುದ್ರೆ. ಲಾಕ್ ಬಿಚ್ಚಿದರೆ ಒಳಗೂ ಮರದ ಮೇಲೂ ತಪಾಸಣೆಯವರ ಸಣ್ಣ ಕಿರೀಟ, ಅಂಕಿಗಳು ಸಿಗಬೇಕು. ಹೊರಗೆ ಭರ್ಜರಿ ಮುದ್ರೆ, ಒಳಗೆ ಬೋಳು ಅಂದರೆ ನನಗೆ ಹೊಟ್ಟೆಯಲ್ಲಿ ತಳಮಳ ಶುರುವಾಗುತ್ತದೆ.

ಖೈಬರ್ ಕಣಿವೆಯ ಕಡೆ ಕೈಯಿಂದ ಮಾಡಿದ ನಕಲುಗಳೂ ಬೇಕಾದಷ್ಟಿವೆ. ಟವರ್ ಎಂದು ಕೆತ್ತಲು ಹೋಗಿ ಅಕ್ಷರ ವಾರೆ, ಕೆಲವೊಮ್ಮೆ ತಿರುಗುಮುರುಗು. ಅಸಲಿ ಮುದ್ರೆಯನ್ನು ಒಂದೇ ಏಟಿಗೆ ಅಚ್ಚಿನಲ್ಲಿ ಒತ್ತಿರುತ್ತಾರೆ. ಗೆರೆಯ ಅಂಚು ಚೂಪಾಗಿ, ಆಳ ಒಂದೇ ಸಮ ಇರುತ್ತದೆ. ನಕಲಿನವನು ಉಳಿಯಿಂದ ಕೆತ್ತಿರುತ್ತಾನೆ. ಭೂತಗನ್ನಡಿಯಲ್ಲಿ ಉಳಿ ಜಾರಿದ ಜಾಗವೂ ಕಾಣುತ್ತದೆ.

ಹೋಗುವಾಗ ಟಾರ್ಚ್, ಭೂತಗನ್ನಡಿ, ಮತ್ತೆ ಪೆನ್ಸಿಲ್ ದಪ್ಪದ ಉದ್ದನೆಯ ಮರದ ಕೋಲು ತಗೊಂಡು ಹೋಗಿ. ಕೋಲು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಸುಮ್ನೆನೋಡುವವಳು:

ಆಮೇಲೆ ಯಾಕೆ, ಈಗಲೇ ಹೇಳಿ. ಅದು ಎಲ್ಲಕ್ಕಿಂತ ಮೊದಲು ಹೇಳಬೇಕಾದ ವಿಷಯ.

ಗಜಕೋಲು:

ಸರಿ, ತಪ್ಪಾಯ್ತು.

ಬಾಯಿಯಿಂದ ಮದ್ದು ತುಂಬುವ ಬಂದೂಕಿನೊಳಗೆ ಈಡು ಇದೆಯೋ ಇಲ್ಲವೋ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಯಾರೋ ಅಜ್ಜ ತುಂಬಿಟ್ಟು ಗೋಡೆಗೆ ನೇತುಹಾಕಿ ಮರೆತಿರುತ್ತಾನೆ. ಕರಿಮದ್ದು ಒಣಗಿ ಇದ್ದರೆ ನೂರು ವರ್ಷದ ಮೇಲೂ ಹೊತ್ತಿಕೊಳ್ಳುತ್ತದೆ. ಅದಕ್ಕೇ ಕೋಲು. ನಳಿಗೆ ಯಾರ ಕಡೆಗೂ ಇರಬಾರದು, ನಿಮ್ಮ ಮುಖದ ಕಡೆಗಂತೂ ಬೇಡ. ಕುದುರೆ, ಅಂದರೆ ಕಲ್ಲು ಹಿಡಿದು ಬಡಿಯುವ ಭಾಗ, ಕೆಳಗಿಳಿದಿರಬೇಕು. ಪಕ್ಕದಿಂದ ಕೋಲನ್ನು ಮೆಲ್ಲಗೆ ಇಳಿಬಿಡಿ. ನಿಂತಲ್ಲಿ ನಳಿಗೆಯ ಬಾಯಿಗೆ ಸರಿಯಾಗಿ ಗುರುತು ಹಾಕಿ. ಹೊರತೆಗೆದು ನಳಿಗೆಯ ಪಕ್ಕ ಹಿಡಿದು ನೋಡಿ. ಕೋಲಿನ ತುದಿ ಕಿಡಿ ತೂತಿನ (ಬಟ್ಟಲಿನ ಬೆಂಕಿ ನಳಿಗೆಯೊಳಗೆ ಹೋಗುವ ತೂತು) ತನಕ ಬರಬೇಕು. ಒಂದು ಇಂಚು ಮೊದಲೇ ನಿಂತಿತು ಅಂದರೆ ಒಳಗೆ ಏನೋ ಇದೆ. ಕಬ್ಬಿಣದ ಸಲಾಕೆಯಿಂದ ಕುಟ್ಟಬೇಡಿ, ಡ್ರಿಲ್ ಹಾಕಬೇಡಿ. ಬಲ್ಲವರ ಕೈಗೆ ಕೊಡಿ.

ತುಕ್ಕುಪುರಾಣ:

ನನ್ನ ಪಾಲಿನ ಪುರಾಣವನ್ನೂ ಕೇಳಿಬಿಡಿ.

ಸಿಡಿಯುವ ರಾಸಾಯನಿಕದಿಂದ ಬಂದೂಕು ಹೊತ್ತಿಸುವ ಉಪಾಯಕ್ಕೆ ಫೋರ್ಸಿತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1807ರಲ್ಲಿ ಪೇಟೆಂಟ್ ಪಡೆದ. ಆಮೇಲೆ ಆ ರಾಸಾಯನಿಕ ತುಂಬಿದ ಪುಟ್ಟ ತಾಮ್ರದ ಟೋಪಿ, ಅಂದರೆ ಕೇಪು ಬಂತು. 1840ರ ಸುಮಾರಿಗೆ ಸೈನ್ಯಗಳು ಚಕಮಕಿ ಬಿಟ್ಟು ಕೇಪಿಗೆ ಹೊರಳಿದವು. ಉಗ್ರಾಣದಲ್ಲಿದ್ದ ಸಾವಿರಾರು ಚಕಮಕಿ ಪಿಸ್ತೂಲುಗಳನ್ನು ಎಸೆಯುತ್ತಾರೆಯೇ? ಮದ್ದಿನ ಬಟ್ಟಲು ಕತ್ತರಿಸಿದರು, ಕಿಡಿ ತೂತನ್ನು ಕೊರೆದು ದೊಡ್ಡದು ಮಾಡಿ ಕೇಪು ಸಿಕ್ಕಿಸುವ ಪುಟ್ಟ ಕೊಳವೆ ಕೂರಿಸಿದರು, ಕುದುರೆ ಬದಲಿಸಿದರು. ಇದು ಅಸಲಿ ಇತಿಹಾಸ, ತಪ್ಪೇನಿಲ್ಲ.

ತೊಂದರೆ ಶುರುವಾಗಿದ್ದು ನೂರು ವರ್ಷ ಆದಮೇಲೆ. ಚಕಮಕಿಗೆ ಬೆಲೆ ಜಾಸ್ತಿ ಅಂತ ಗೊತ್ತಾದಾಗ ಅದೇ ಪಿಸ್ತೂಲುಗಳನ್ನು ಮತ್ತೆ ಚಕಮಕಿ ಮಾಡಿದರು. ಹೊಸ ಬಟ್ಟಲು, ಹೊಸ ಕುದುರೆ, ದೊಡ್ಡ ತೂತಿಗೆ ಬೆಸುಗೆ, ಅದರ ನಡುವೆ ಮತ್ತೆ ಚಿಕ್ಕ ತೂತು. ನಾನು ತಂದದ್ದು ಅಂಥದ್ದೇ. ಒಂದು ವರ್ಷ ಕಪಾಟಿನಲ್ಲಿಟ್ಟು ಮೆರೆದೆ. ಒಂದು ಸಂಜೆ ಕರೆಂಟ್ ಹೋಯ್ತು, ಮೇಜಿನ ಮೇಲೆ ಮೇಣದಬತ್ತಿ ಇಟ್ಟಿದ್ದೆ. ಬೆಳಕು ನಳಿಗೆಯ ಮೇಲೆ ಅಡ್ಡಡ್ಡ ಬಿತ್ತು. ಕಿಡಿ ತೂತಿನ ಸುತ್ತ ಒಂದು ಗುಂಡಗಿನ ನೆರಳು ಕಂಡಿತು, ಕಾಸಿನಷ್ಟು. ಬೆರಳಾಡಿಸಿದರೆ ಏನೂ ಗೊತ್ತಾಗುವುದಿಲ್ಲ. ಬೆಳಕಿಗೆ ಮಾತ್ರ ಗೊತ್ತು. ಆ ರಾತ್ರಿ ಊಟ ಸೇರಲಿಲ್ಲ.

ಇನ್ನೊಂದು ಸುಳಿವು. ವರ್ಷಗಟ್ಟಲೆ ಮದ್ದು ಉರಿದ ಜಾಗ ಗುಳಿ ಗುಳಿಯಾಗಿ ಸವೆದಿರುತ್ತದೆ. ನಳಿಗೆಯ ಮೇಲೆ ಗುಳಿ ಇದ್ದು ಪಕ್ಕದ ಬಟ್ಟಲು ನಯವಾಗಿದ್ದರೆ ಇಬ್ಬರೂ ಒಂದೇ ಮನೆಯವರಲ್ಲ. ಗುಳಿ ಎರಡರ ಮೇಲೂ ಒಟ್ಟಿಗೆ ಹರಡಿರಬೇಕು.

ನಿಮ್ಮದು ಕನ್ನಡಿಯಂತೆ ಹೊಳೆಯುತ್ತದೆ ಎಂದಿರಿ. ಉಜ್ಜಿ ಉಜ್ಜಿ ಗುಳಿ, ಬೆಸುಗೆ, ಸಾಕ್ಷಿ ಎಲ್ಲ ಅಳಿಸಿರಬಹುದು.

ಬತ್ತಿಕೋವಿ:

ಹೊಳಪು ಅಂದ ಕೂಡಲೇ ಎಲ್ಲರೂ ಬೆಚ್ಚಿಬೀಳುತ್ತೀರಲ್ಲ. ಆ ಕಾಲದಲ್ಲಿ ಬ್ರಿಟಿಷ್ ಸೈನ್ಯದ ಬಂದೂಕು ಬಣ್ಣ ಹಚ್ಚದ ಬಿಳಿ ಉಕ್ಕಾಗಿಯೇ ಬರುತ್ತಿತ್ತು. ಸಿಪಾಯಿಗಳು ಇಟ್ಟಿಗೆ ಪುಡಿ ಹಾಕಿ ತಿಕ್ಕಿ ಫಳಫಳ ಇಡುತ್ತಿದ್ದರು. ನಿಮ್ಮ ಪ್ರೀತಿಯ ಕಂದು ಬಣ್ಣ ಇದ್ದಿದ್ದರೆ ಸಾರ್ಜೆಂಟ್ ಬೆನ್ನು ಮುರಿಯುತ್ತಿದ್ದ. ಅಂದಮೇಲೆ ಹೊಳೆಯುವುದೇ ಅಸಲಿ, ಅಲ್ವಾ?

ತುಕ್ಕುಪುರಾಣ:

ಮಾತು ನಿಜ, ಒಪ್ಪಿದೆ. ಆದರೆ ಸಿಪಾಯಿ ತಿಕ್ಕಿದ್ದು ಇಪ್ಪತ್ತು ವರ್ಷ. ಆಮೇಲಿನ ನೂರೆಂಬತ್ತು ವರ್ಷದ ಬಣ್ಣ ಎಲ್ಲಿ ಹೋಯಿತು? ಈಗಿನ ಬಫಿಂಗ್ ಚಕ್ರ ಮೂಲೆಗಳನ್ನು ಗುಂಡಗೆ ಮಾಡುತ್ತದೆ, ಸ್ಕ್ರೂ ತೂತಿನ ಅಂಚು ತಟ್ಟೆಯ ಹಾಗೆ ತಗ್ಗುತ್ತದೆ, ಮುದ್ರೆ ಅರ್ಧ ಮಾಯ. ಅದು ಹೊಳಪಲ್ಲ, ಸುಲಿಗೆ.

ಬತ್ತಿಕೋವಿ:

ಸುಲಿಗೆ ಅಂತ ಒಪ್ಪುತ್ತೇನೆ. ಹೊಳಪೇ ತಪ್ಪು ಅಂತ ಒಪ್ಪುವುದಿಲ್ಲ. ಮೂಲೆ ಚೂಪಾಗಿದ್ದು, ಮುದ್ರೆ ಸ್ಪಷ್ಟ ಇದ್ದು, ಉಕ್ಕೂ ಬೆಳ್ಳಗಿದ್ದರೆ ನಾನು ಬೇಡ ಅನ್ನುವುದಿಲ್ಲ.

ನೇವಿ36:

ಚಕಮಕಿಯವರೇ ಮಾತಾಡುತ್ತಿದ್ದೀರಿ, ರಿವಾಲ್ವರ್ ಕಡೆ ಯಾರೂ ಬರಲಿಲ್ಲ.

ನನ್ನದು ಅಮೆರಿಕದ ಕೋಲ್ಟ್ ಕಂಪನಿಯ ರಿವಾಲ್ವರ್ ಹುಚ್ಚು. 1851ರ ನೇವಿ ಮಾದರಿ, .36 ಕ್ಯಾಲಿಬರ್. ಆರು ಗುಂಡಿನ ಸಿಲಿಂಡರ್ ಸುತ್ತ ಒಂದು ಸಮುದ್ರ ಕಾಳಗದ ಚಿತ್ರ ಒತ್ತಿರುತ್ತಾರೆ. 1843ರ ಮೇ 16ರಂದು ಟೆಕ್ಸಾಸ್ ನೌಕಾಪಡೆ ಮೆಕ್ಸಿಕೋದ ಹಡಗುಗಳ ಮೇಲೆ ಕಾದಾಡಿದ ಕ್ಯಾಂಪೇಚೆ ಕಾಳಗ. ಮೊದಲು ಸವೆಯುವುದು ಅದೇ ಚಿತ್ರ. ನನ್ನದರಲ್ಲಿ ಒಂದೇ ಒಂದು ಹಡಗಿನ ಪಟಸ್ತಂಭ ಉಳಿದಿದೆ. ಅದೂ ಬೆಳಕನ್ನು ಓರೆ ಹಿಡಿದರೆ ಮಾತ್ರ.

ಹೊಸಬರಿಗೆ ಕೋಲ್ಟ್‌ನಲ್ಲಿ ಒಂದು ಅನುಕೂಲ, ಒಂದು ಅಪಾಯ. ಅನುಕೂಲ ಏನೆಂದರೆ ನಂಬರ್. ನಳಿಗೆ, ಫ್ರೇಮ್, ಟ್ರಿಗರ್ ಗಾರ್ಡ್, ಹಿಡಿಯ ಪಟ್ಟಿ, ಸಿಲಿಂಡರ್, ಎಲ್ಲದರ ಮೇಲೂ ಒಂದೇ ನಂಬರ್ ಇರಬೇಕು. ತಾಳೆ ನೋಡಲು ಐದು ನಿಮಿಷ ಸಾಕು. ಅಪಾಯ ಏನೆಂದರೆ ನಕಲು. ಇಟಲಿಯಲ್ಲಿ 1950ರ ದಶಕದ ಕೊನೆಯಿಂದ ಇವುಗಳ ಒಳ್ಳೆಯ ಪ್ರತಿಗಳನ್ನು ಮಾಡುತ್ತಿದ್ದಾರೆ. ಅವರು ಮೋಸ ಮಾಡಿಲ್ಲ, ತಮ್ಮ ಪರೀಕ್ಷಾ ಮುದ್ರೆ ಒತ್ತಿಯೇ ಮಾರಿದ್ದಾರೆ. ಆ ಮುದ್ರೆ ತೀಡಿ, ಆಮ್ಲ ಹಚ್ಚಿ ಮುದಿ ಮಾಡಿದವರು ಬೇರೆಯವರು. ಮುದ್ರೆ ಇರಬೇಕಾದ ಜಾಗದಲ್ಲಿ ಸಣ್ಣ ತಗ್ಗು ಕಂಡರೆ ಕೆಳಗಿಟ್ಟು ನಮಸ್ಕಾರ ಹೇಳಿ ಬನ್ನಿ.

ಇನ್ನೊಂದು ವಿಷಯ. ಹೆಸರು ನೇವಿ ಅಂತ ಇದ್ದರೂ ಹೆಚ್ಚಿನವು ಮಾರಾಟವಾದದ್ದು ಸಾಮಾನ್ಯ ಜನಕ್ಕೆ. ಸೈನ್ಯದ್ದೇ ಬೇಕು ಅಂದರೆ ಸರ್ಕಾರಿ ತಪಾಸಣೆ ಗುರುತು ಹುಡುಕಬೇಕು, ಬೆಲೆಯೂ ಅದಕ್ಕೆ ತಕ್ಕ ಹಾಗೆ ಏರುತ್ತದೆ.

ಕೇಪು-ಕುದುರೆ:

ಹೊಸನಳಿಗೆಯವರು ನೋಡಲು ಏನೂ ಇಲ್ಲ ಎಂದ ಆ ಫ್ರೆಂಚ್ 1873 ಇದೆಯಲ್ಲ, ಅದಕ್ಕೆ ನಾನು ವಕೀಲ.

ಸೇಂಟ್ ಎಟಿಯೆನ್‌ನ ಸರ್ಕಾರಿ ಕಾರ್ಖಾನೆಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ತಯಾರಾದವು. 11 ಮಿಲಿಮೀಟರ್, ಆರು ಗುಂಡು. ಸಾಕಷ್ಟು ಉಳಿದಿರುವುದರಿಂದ ಒಂದು ಸರಿ ಇಲ್ಲದಿದ್ದರೆ ಇನ್ನೊಂದು ನೋಡಬಹುದು, ಅವಸರ ಮಾಡಬೇಕಿಲ್ಲ. ಓದಲು ಕಲಿಯುವವನಿಗೆ ಇದು ಕಾಗುಣಿತದ ಪುಸ್ತಕ ಇದ್ದ ಹಾಗೆ. ನಳಿಗೆಯ ಮೇಲೆ ಮಾದರಿಯ ಹೆಸರು, ಪಕ್ಕದಲ್ಲಿ ಎಸ್ ಅಕ್ಷರ ಮತ್ತು ತಯಾರಾದ ವರ್ಷ, ಫ್ರೇಮ್ ಮೇಲೆ ಕಾರ್ಖಾನೆಯ ಹೆಸರು ಕೂಡಿಸಿ ಬರೆದ ಮೋಡಿ ಅಕ್ಷರದಲ್ಲಿ. ಊಹೆ ಮಾಡುವ ಕೆಲಸವೇ ಇಲ್ಲ.

ಸಿಪಾಯಿಗಳಿಗೆ ಕೊಟ್ಟ 1873 ಬಿಳಿ ಉಕ್ಕು. ಅಧಿಕಾರಿಗಳ 1874 ನೀಲಿ ಬಣ್ಣದ್ದು, ಸಿಲಿಂಡರ್ ಮೇಲೆ ಉದ್ದುದ್ದ ತೋಡುಗಳು. ಯಾರಾದರೂ ಸಿಪಾಯಿ ಮಾದರಿಗೆ ಕಡುನೀಲಿ ಹಚ್ಚಿ "ಅಪರೂಪದ್ದು" ಅಂದರೆ ನಕ್ಕು ಮುಂದೆ ಹೋಗಿ. ನಿಮ್ಮದು ಬೂದು, ಕಲೆ ಇದೆ ಎಂದಿರಿ. ಬಿಳಿ ಉಕ್ಕು ವಯಸ್ಸಾದರೆ ಹಾಗೇ ಆಗುತ್ತದೆ. ಯಾರೂ ಕೈ ಹಾಕಿಲ್ಲ ಅನ್ನುವುದಕ್ಕೆ ಅದೇ ಒಳ್ಳೆಯ ಲಕ್ಷಣ.

ಸುಮ್ನೆನೋಡುವವಳು:

ನಡುವೆ ಒಂದು ಪ್ರಶ್ನೆ. ನನ್ನ ತಮ್ಮನಿಗೆ ಜರ್ಮನಿಯ ಲ್ಯೂಗರ್ ಪಿಸ್ತೂಲು ಬೇಕಂತೆ, ಇಲ್ಲಾಂದ್ರೆ ಆ ಉದ್ದ ಮೂತಿಯ ಮೌಸರ್. ಅದು ಇಲ್ಲಿ ಸೇರುತ್ತಾ?

ಗಜಕೋಲು:

ಸೇರುತ್ತದೆ, ಆದರೆ ಅದು ಬೇರೆಯದೇ ಸಮುದ್ರ. ಮೊದಲ ತೊಡಕು ಕಾನೂನು. ಜರ್ಮನ್ ನೌಕಾಪಡೆ ಲ್ಯೂಗರ್ ತಗೊಂಡಿದ್ದು 1904ರಲ್ಲಿ, ಭೂಸೇನೆ 1908ರಲ್ಲಿ. ಬಹಳ ಕಡೆ ಇವು ಆಂಟಿಕ್ ಅಲ್ಲ, ನೇರ ಬಂದೂಕೇ.

ಎರಡನೆಯದು ನಂಬರ್. ಲ್ಯೂಗರ್‌ನಲ್ಲಿ ಚಿಕ್ಕ ಚಿಕ್ಕ ಭಾಗಗಳ ಮೇಲೂ ಸೀರಿಯಲ್ ನಂಬರಿನ ಕೊನೆಯ ಎರಡಂಕಿ ಇರುತ್ತದೆ. ಒಂದು ತಾಳೆಯಾಗದಿದ್ದರೂ ಬೆಲೆ ದಡಾರನೆ ಬೀಳುತ್ತದೆ. ಅದಕ್ಕೇ ನಂಬರ್ ತೀಡಿ ಹೊಸದಾಗಿ ಒತ್ತುವ ಕೈಗಳೂ ಇವೆ.

ಮೌಸರ್‌ನಲ್ಲಿ ಕೆಂಪು 9ರ ಕಥೆ ಗೊತ್ತಿರಬಹುದು. ಮೊದಲ ಮಹಾಯುದ್ಧದಲ್ಲಿ ಪ್ರಷ್ಯಾ ಸೈನ್ಯ 9 ಮಿಲಿಮೀಟರ್‌ನ ಒಂದೂವರೆ ಲಕ್ಷಕ್ಕೆ ಆರ್ಡರ್ ಕೊಟ್ಟಿತು. ಹಳೆಯ 7.63ರ ತೋಟೆ ಯಾರೂ ತಪ್ಪಿ ಹಾಕದಿರಲಿ ಎಂದು ಹಿಡಿಯ ಮರದ ಮೇಲೆ ದೊಡ್ಡದಾಗಿ 9 ಕೊರೆದು ಕೆಂಪು ಬಣ್ಣ ತುಂಬಿದರು. ಮರದ ಹಿಡಿಯ ಮೇಲೆ 9 ಕೊರೆಯುವುದು ಎಷ್ಟು ಹೊತ್ತಿನ ಕೆಲಸ ಹೇಳಿ? ತಮ್ಮನಿಗೆ ಹಿಡಿ ನೋಡಿ ಮರುಳಾಗಬೇಡ, ನಳಿಗೆ ನೋಡು ಅನ್ನಿ.

ನಾನು ಆ ಕಡೆ ಹೋಗದೆ ಜರ್ಮನಿಯ 1879 ಮತ್ತು 1883ರ ರೈಖ್ಸ್ ರಿವಾಲ್ವರ್‌ಗಳಲ್ಲೇ ನಿಂತೆ. ಒರಟು, ಭಾರ, ಖಾಲಿ ತೋಟೆ ಹೊರದೂಡುವ ಕಡ್ಡಿ ಕೂಡ ಇಲ್ಲ. ಆದರೆ ದಳದ ಗುರುತು ಒತ್ತಿರುತ್ತಾರೆ. ಯಾವ ರೆಜಿಮೆಂಟ್, ಅದರಲ್ಲಿ ಯಾವ ತುಕಡಿ, ಆಯುಧದ ಕ್ರಮಸಂಖ್ಯೆ ಎಷ್ಟು, ಎಲ್ಲ. ಮಾರುವವನ ಬಾಯಿಯ ಟ್ರಫಾಲ್ಗರ್ ಬೇಕಿಲ್ಲ. ಉಕ್ಕೇ ತನ್ನ ವಿಳಾಸ ಹೇಳುತ್ತದೆ.

ತುಕ್ಕುಪುರಾಣ:

ಗುರುತಿನ ಮಾತು ಬಂದದ್ದಕ್ಕೆ ಒಂದು ಪುಟ್ಟ ವಿಷಯ. ಬೆಲ್ಜಿಯಮ್ಮಿನ ಲಿಯೇಜ್ ಮುದ್ರೆ, ಅಂದರೆ ಮೊಟ್ಟೆಯಾಕಾರದೊಳಗೆ ಇ ಎಲ್ ಜಿ ಅಕ್ಷರ, ಅಡಿಯಲ್ಲಿ ನಕ್ಷತ್ರ, ನಿಮಗೆ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಮೊಟ್ಟೆಯ ಮೇಲೆ ಕಿರೀಟ ಇದ್ದರೆ 1893 ಅಥವಾ ಆಮೇಲಿನದ್ದು. ಕಿರೀಟ ಇಲ್ಲದಿದ್ದರೆ ಅದಕ್ಕೂ ಹಿಂದಿನದ್ದು. ಇಷ್ಟು ಗೊತ್ತಿದ್ದರೂ ಎಷ್ಟೋ "1870ರ ಪಿಸ್ತೂಲು"ಗಳು ಅಲ್ಲೇ ಬಿದ್ದುಹೋಗುತ್ತವೆ.

ಹೊಸನಳಿಗೆ:

ಹೋಗಿ ಬಂದೆ. ಕೈ ಇನ್ನೂ ಸ್ವಲ್ಪ ನಡುಗುತ್ತಿದೆ.

ಕೋಲು ತಗೊಂಡು ಹೋಗಿದ್ದಕ್ಕೆ ಮಾರುವವರು ನಕ್ಕರು. "ಏನ್ರೀ, ಬಾವಿಗೆ ನೀರಿನ ಆಳ ನೋಡೋ ಹಾಗೆ ನೋಡ್ತೀರಾ" ಅಂದರು. ನಾನು ಗಜಕೋಲು ಹೇಳಿದ ಹಾಗೇ ಮಾಡಿದೆ. ಹೊರಗೆ ಬಾಯಿಯಿಂದ ಕಿಡಿ ತೂತಿಗೆ 11 ಮುಕ್ಕಾಲು ಇಂಚು. ಕೋಲು ಒಳಗೆ ಹೋಗಿದ್ದು 10 ಇಂಚು. ಮೂರು ಸಲ ಅಳೆದೆ, ಮೂರು ಸಲವೂ ಅಷ್ಟೇ. ನಗುತ್ತಿದ್ದವರ ಮುಖ ಸಣ್ಣದಾಯಿತು. ಆ ಪಿಸ್ತೂಲನ್ನು ಅವರು ವರ್ಷಗಟ್ಟಲೆ ಬಂದವರಿಗೆಲ್ಲ ಕುದುರೆ ಎಳೆದು ಟಕ್ ಅನ್ನಿಸಿ ತೋರಿಸುತ್ತಿದ್ದರಂತೆ.

ಈಗೇನು ಮಾಡಲಿ?

ಗಜಕೋಲು:

ನೀವು ಏನೂ ಮಾಡಬೇಡಿ. ಅವರೂ ಮಾಡಬಾರದು. ಕುದುರೆ ಎಳೆಯುವುದು ಇವತ್ತೇ ನಿಲ್ಲಲಿ, ಅದರಲ್ಲೂ ಕಲ್ಲು ಕೂರಿಸಿದ್ದರೆ. ಹಳೇ ಬಂದೂಕು ಬಿಚ್ಚಿ ಜೋಡಿಸುವುದು ಗೊತ್ತಿರುವವರಿಗೆ ಮೊದಲೇ ವಿಷಯ ಹೇಳಿ, ಅವರು ಹೇಳಿದ ಹಾಗೆ ಮಾಡಿ. ಒಳಗೆ ಮದ್ದೇ ಇದೆ ಅಂತ ತಿಳಿದುಕೊಂಡೇ ನಡೆಯಿರಿ.

ನೇವಿ36:

ಲಾಕ್ ಬಿಚ್ಚುವಾಗ ನೀವೂ ಅಲ್ಲೇ ಇರಿ. ಇಂಥ ಅವಕಾಶ ಮತ್ತೆ ಸಿಗುವುದಿಲ್ಲ.

ಹೊಸನಳಿಗೆ:

ಎರಡು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ರಿಪೇರಿ ಬಲ್ಲ ಹಿರಿಯರೊಬ್ಬರು ಒಪ್ಪಿಕೊಂಡರು. ಮೊದಲು ಕಿಡಿ ತೂತಿನಿಂದ ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಲು ಇಟ್ಟರು. ಮರುದಿನ ಲಾಕ್ ಬಿಚ್ಚಿದರು. ಅವರ ಸ್ಕ್ರೂಡ್ರೈವರ್ ನೋಡಬೇಕಿತ್ತು. ಒಂದೊಂದು ಸ್ಕ್ರೂವಿನ ಸೀಳಿಗೆ ಸರಿಯಾಗಿ ಕೂರುವ ಹಾಗೆ ತುದಿ ಅರೆದು ಇಟ್ಟುಕೊಂಡಿದ್ದಾರೆ. ಒಂದು ಚೂರೂ ಜಾರಲಿಲ್ಲ. "ಸೀಳು ಕಿತ್ತುಹೋದ ಸ್ಕ್ರೂ ನೋಡಿದರೆ ಹಿಂದಿನ ಮಾಲೀಕ ಎಂಥವನು ಅಂತ ಗೊತ್ತಾಗುತ್ತೆ" ಅಂದರು.

ಆಮೇಲೆ ತುದಿಯಲ್ಲಿ ತಿರುಪು ಇರುವ ಹಿತ್ತಾಳೆ ಕಡ್ಡಿ ಇಳಿಸಿ ಮೆಲ್ಲಗೆ ಎಳೆದರು. ಮೊದಲು ಒಂದು ಬಟ್ಟೆ ಚೂರು. ಅದರ ಹಿಂದೆ ಒಣಗಿದ ಬಿರಡೆ. ಅದರ ಹಿಂದೆ ಮಣ್ಣು! ಕುಂಬಾರ ಹುಳದ ಗೂಡು. ಬಿರಡೆ ಹಾಕುವ ಮೊದಲು ಯಾವುದೋ ಕಾಲದಲ್ಲಿ ಹುಳ ಒಳಗೆ ಮನೆ ಕಟ್ಟಿಕೊಂಡು ಹೋಗಿದೆ. ಮದ್ದೂ ಇಲ್ಲ, ಗುಂಡೂ ಇಲ್ಲ. ನಾನು ಜೋರಾಗಿ ನಕ್ಕೆ. ಅವರು ನಗಲಿಲ್ಲ. ಮೊದಲು ಹೀಗೇ ಬಿಚ್ಚಿದ ಒಂದರಲ್ಲಿ ಗುಂಡು, ಕಾಗದ, ಮದ್ದು ಮೂರೂ ಇತ್ತಂತೆ.

ಲಾಕ್ ಬಿಚ್ಚಿದ್ದರಿಂದ ಇನ್ನೊಂದು ವಿಷಯ ಬಯಲಾಯಿತು. ಕಿಡಿ ತೂತಿನ ಸುತ್ತ, ತುಕ್ಕುಪುರಾಣ ಹೇಳಿದ ಅದೇ ಗುಂಡಗಿನ ನೆರಳು. ಬಟ್ಟಲಿನ ಒಳಬದಿ ಹೊಸ ಲೋಹ. ತಪಾಸಣೆ ಮುದ್ರೆ ಮಾತ್ರ ಒಳಗೆ ಇತ್ತು, ಮರದ ಮೇಲೂ ಇತ್ತು. ಅಂದರೆ ಅಸಲಿ ಸರ್ಕಾರಿ ಪಿಸ್ತೂಲೇ, ಕೇಪಿಗೆ ಹೋಗಿ ಮತ್ತೆ ಚಕಮಕಿಗೆ ವಾಪಸ್ ಬಂದದ್ದು.

ತುಕ್ಕುಪುರಾಣ:

ನನಗೆ ಸಂತೋಷವೂ ಆಯ್ತು, ಬೇಜಾರೂ ಆಯ್ತು.

ಅದನ್ನು ಅದೇ ಹೆಸರಿನಲ್ಲಿ, ಅಂದರೆ ವಾಪಸ್ ಬಂದದ್ದು ಎಂದು ಹೇಳಿ, ಅದಕ್ಕೆ ತಕ್ಕ ಬೆಲೆಗೆ ಮಾರಿದರೆ ತಗೊಳ್ಳುವುದರಲ್ಲಿ ತಪ್ಪಿಲ್ಲ. ಟ್ರಫಾಲ್ಗರ್ ಬೆಲೆಗೆ ಬೇಡ.

ಹೊಸನಳಿಗೆ:

ಅವರು ಬೆಲೆ ಇಳಿಸಲಿಲ್ಲ. ಬಿಟ್ಟು ಬಂದೆ.

ರಿವಾಲ್ವರ್ ತಗೊಂಡೆ! ಕಾನೂನು ಕಡೆ ಮೊದಲೇ ಕೇಳಿ, ಉತ್ತರದ ಪತ್ರ ಕೈಯಲ್ಲಿ ಹಿಡಿದೇ ಹೋದೆ. ನಳಿಗೆಯ ಪಕ್ಕ ಎಸ್ 1877. ಕಾರ್ಖಾನೆಯ ಹೆಸರು ಓದಲು ಬರುತ್ತದೆ. ಹಿಡಿಯ ಮರದ ಮೇಲಿನ ಗೀರುಗಳು ಇನ್ನೂ ಚೂಪಾಗಿವೆ, ಬಲಗೈ ಹೆಬ್ಬೆರಳು ಬೀಳುವ ಜಾಗದಲ್ಲಿ ಮಾತ್ರ ಸವೆದು ನಯವಾಗಿದೆ. ಹಿಡಿದಾಗಲೆಲ್ಲ ನನ್ನ ಹೆಬ್ಬೆರಳು ಅಲ್ಲೇ ಹೋಗಿ ಕೂರುತ್ತದೆ.

ಒಂದೇ ಕೊರತೆ. ಸಿಲಿಂಡರ್ ನಂಬರ್ ಬೇರೆ, ಫ್ರೇಮ್ ನಂಬರ್ ಬೇರೆ. ಇದು ಗೊತ್ತಾಗಿದ್ದು ಅಲ್ಲೇ, ತಗೊಳ್ಳುವ ಮೊದಲೇ. ನೇವಿ36 ಪುಣ್ಯ. ತೋರಿಸಿದ್ದಕ್ಕೆ ಬೆಲೆ ಚೆನ್ನಾಗಿ ಇಳಿಯಿತು. ತಪ್ಪು ಮಾಡಿದೆನಾ?

ನೇವಿ36:

ಇಲ್ಲ ಬಿಡಿ. ನೋಡಿ ತಗೊಂಡಿದ್ದೀರಿ, ನೋಡದೆ ಅಲ್ಲ. ಸೈನ್ಯದಲ್ಲಿ ಹತ್ತು ರಿವಾಲ್ವರ್ ಒಟ್ಟಿಗೆ ಬಿಚ್ಚಿ ತೊಳೆದಾಗ ಸಿಲಿಂಡರ್ ಅದಲುಬದಲಾಗುವುದು ಹೊಸದೇನಲ್ಲ. ಮಾರುವಾಗ ನೀವೂ ಅದನ್ನು ಹೇಳಿಯೇ ಮಾರಬೇಕು, ಅಷ್ಟೇ.

ಬತ್ತಿಕೋವಿ:

ಉಜ್ಜಬೇಡಿ. ಹೊಳಪಿನ ಪರ ವಾದ ಮಾಡಿದ ನಾನೇ ಹೇಳುತ್ತಿದ್ದೇನೆ.

ಕೇಪು-ಕುದುರೆ:

ಬೆವರಿನ ಉಪ್ಪು ಬಿಳಿ ಉಕ್ಕಿಗೆ ಆಗುವುದಿಲ್ಲ. ಬರಿಗೈಯಲ್ಲಿ ಮುಟ್ಟಿದರೆ ಮೆತ್ತನೆ ಬಟ್ಟೆಗೆ ಒಂದು ಹನಿ ಎಣ್ಣೆ ಹಾಕಿ ಒರೆಸಿ ಇಡಿ. ಕೆಂಪು ತುಕ್ಕು ಜೀವಂತ ಇದ್ದರೆ ಮಾತ್ರ ಎಣ್ಣೆ ಹಚ್ಚಿ ನೆನೆಸಿ, ಮರದ ಚೂರಿನಿಂದ ಮೆಲ್ಲಗೆ ಕೆರೆಯಿರಿ. ಕಂದು, ಬೂದು ಕಲೆ ಗಟ್ಟಿಯಾಗಿ ಕೂತಿದ್ದರೆ ಮುಟ್ಟಬೇಡಿ. ಮೇಲಿಂದ ಮ್ಯೂಸಿಯಂನವರು ಬಳಸುವ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೆಳ್ಳಗೆ ಸವರಿ. ಖಾಲಿ ರಿವಾಲ್ವರ್ ಅಂತ ಟ್ರಿಗರ್ ಎಳೆದು ಆಡಬೇಡಿ. 1877ರ ಸ್ಪ್ರಿಂಗು ಮುರಿದರೆ ಬದಲಿ ಸಿಗುವುದು ಕಷ್ಟ.

ಹೊಸನಳಿಗೆ:

ಚರ್ಮದ ಚೀಲದೊಳಗೇ ಇಡಬಹುದು ಅಲ್ವಾ? ಇಷ್ಟು ವರ್ಷ ಅದರಲ್ಲೇ ಇತ್ತು.

ಕೇಪು-ಕುದುರೆ:

ಅದರಲ್ಲೇ ಇದ್ದದ್ದಕ್ಕೇ ಆ ಕಲೆಗಳು. ಚರ್ಮ ತೇವ ಹಿಡಿಯುತ್ತದೆ, ಚರ್ಮ ಹದ ಮಾಡುವಾಗ ಸೇರಿದ ಆಮ್ಲವೂ ಅದರಲ್ಲಿರುತ್ತದೆ. ಚೀಲ ಪಕ್ಕದಲ್ಲಿಡಿ, ಒಳಗೆ ಬೇಡ. ಗಾಜಿನ ಪೆಟ್ಟಿಗೆಯ ಪ್ರಶ್ನೆಗೆ ಈಗ ಉತ್ತರ ಕೊಡಬಹುದು: ಬೀಗ ಇರಲಿ, ಬಿಸಿಲು ಬೀಳದಿರಲಿ, ಒಳಗೆ ತೇವ ಅಳೆಯುವ ಪುಟ್ಟ ಮೀಟರ್ ಇರಲಿ. ಶೇಕಡಾ 45–50ರ ಹತ್ತಿರ, ಏರಿಳಿತ ಇಲ್ಲದೆ ನಿಂತರೆ ಸಾಕು.

ಸುಮ್ನೆನೋಡುವವಳು:

ಆ ಕುಂಬಾರ ಹುಳದ ಗೂಡು ಏನಾಯ್ತು?

ಹೊಸನಳಿಗೆ:

ಮಾರುವವರಿಗೆ ಬೇಡವಂತೆ. ಅರ್ಧ ಪುಡಿಯಾಗಿತ್ತು, ಉಳಿದರ್ಧ ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಬಂದೆ. ಪೆಟ್ಟಿಗೆ ಬಂದ ಮೇಲೆ ಅದಕ್ಕೂ ಒಂದು ಮೂಲೆ ಇದೆ.